ಗಾಳಿ ಕರೆಂಟಿಗೆ ಯಾವ ಹಳೇ ಮೋಟರ್? ನನ್ ಓಟು ಸ್ಕೂಟರ್ ಹಬ್ ಮೋಟರಿಗೆ

ಗಾಳಿಗೆ ರೆಕ್ಕೆ ಸುತ್ತಿ ಮೋಟರ್ ತಿರುಗಿಸಿದ್ರೆ ಅದೇ ಕರೆಂಟ್ ಕೊಡುತ್ತೆ. ಅದಕ್ಕೆ ಹಳೇ ಎಲೆಕ್ಟ್ರಿಕ್ ಸ್ಕೂಟರಿನ ಹಿಂದಿನ ಚಕ್ರದ ಒಳಗೇ ಕೂತಿರೋ ಹಬ್ ಮೋಟರ್ ಸಿಕ್ರೆ ಬೇರೇನೂ ನೋಡ್ಬೇಡಿ. ಪಾಂಡವಪುರದ ಹತ್ರ ನಮ್ ಗದ್ದೆ ಪಂಪ್‌ಮನೆ ಪಕ್ಕ ಅದೇ ಕಂಬ, ತುದಿಯಿಂದ ತುದಿಗೆ ಐದಡಿ ಬರೋ ಅದೇ ಪಿವಿಸಿ ರೆಕ್ಕೆ ಇಟ್ಕೊಂಡು ಕಾರಿನ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋದು), ಟ್ರೆಡ್‌ಮಿಲ್ ಮೋಟರ್, ಹಬ್ ಮೋಟರ್ ಮೂರನ್ನೂ ಹಾಕಿ ನೋಡಿದೀನಿ.

ಯಾರನ್ನ ಕೇಳಿದ್ರೂ ಮೊದ್ಲು ಹೇಳೋದು ಆಲ್ಟರ್ನೇಟರ್, ಗುಜರೀಲಿ ಸಲೀಸಾಗಿ ಸಿಗುತ್ತೆ, 12 ವೋಲ್ಟ್ ಬ್ಯಾಟರಿಗೇ ಮಾಡಿರೋದು ಅಂತ. ಆದ್ರೆ ಅದರೊಳಗೆ ಮ್ಯಾಗ್ನೆಟ್ ಇರಲ್ಲ ಕಣ್ರೀ, ಕರೆಂಟ್ ಕೊಟ್ರೆ ಮಾತ್ರ ಮ್ಯಾಗ್ನೆಟ್ ಆಗೋ ತಂತಿ ಸುರುಳಿ, ಅಂದ್ರೆ ಫೀಲ್ಡ್ ಕಾಯಿಲ್ ಇರೋದು, ಅದಕ್ಕೆ ಬ್ಯಾಟರಿಯಿಂದ್ಲೇ 2-3 ಆಂಪಿಯರ್ ಕೊಡ್ಬೇಕು, ಅಂದ್ರೆ ಹತ್ರತ್ರ 30 ವ್ಯಾಟ್. ಸೆಕೆಂಡಿಗೆ 5 ಮೀಟರ್ ಗಾಳೀಲಿ ಐದಡಿ ರೆಕ್ಕೆಯಿಂದ ಕೈಗೆ ಸಿಗೋದೂ ಹೆಚ್ಚುಕಮ್ಮಿ ಅಷ್ಟೇ! ಕರೆದ ಹಾಲೆಲ್ಲ ವಾಪಸ್ ಹಸೂಗೇ ಕುಡಿಸಿದಂಗೆ.

ಅಲ್ಲಿಗೂ ಮುಗೀಲಿಲ್ಲ. ಅದು ಸರಿಯಾಗಿ ಚಾರ್ಜ್ ಮಾಡೋಕೆ 1000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ದಾಟ್ಬೇಕು, ನಮ್ ರೆಕ್ಕೆ ಅಂಥ ಗಾಳೀಲಿ 350ರ ಆಸುಪಾಸು ಅಷ್ಟೇ. ಬೆಲ್ಟು ಪುಲ್ಲಿ ಹಾಕಿ ಸ್ಪೀಡು ಮೂರು ಪಟ್ಟು ಮಾಡಿದ್ರೆ ರೆಕ್ಕೆಗೆ ಭಾರ ಜಾಸ್ತಿಯಾಗಿ ಸಣ್ಣ ಗಾಳಿಗೆ ಅಲ್ಲಾಡೋದೇ ಇಲ್ಲ. ಗಾಳಿ ನಿಂತಾಗ ಫೀಲ್ಡ್ ಆಫ್ ಮಾಡ್ದಿದ್ರೆ ಬ್ಯಾಟರೀನ ಅದೇ ಕುಡೀತಾ ಕೂತಿರುತ್ತೆ, ಅದಕ್ಕೊಂದು ಸ್ವಿಚ್ಚು, ಆ ಸ್ವಿಚ್ಚು ಹಾಕೋಕೆ ಆರಿಸೋಕೆ ಒಬ್ಬ ಆಳು.

ಟ್ರೆಡ್‌ಮಿಲ್ ಮೋಟರ್ ಪರ್ವಾಗಿಲ್ಲ. ಮ್ಯಾಗ್ನೆಟ್ ಇದೆ, ಬ್ಯಾಟರಿಗೆ ಬೇಕಾದ ಡಿಸಿ ಕರೆಂಟೇ ನೇರ ಬರುತ್ತೆ, ಕರೆಂಟನ್ನ ಒಂದೇ ಕಡೆಗೆ ಬಿಡೋ ಡಯೋಡ್ ಒಂದು ಹಾಕಿ, ಇಲ್ದಿದ್ರೆ ಗಾಳಿ ಇಲ್ದಾಗ ಬ್ಯಾಟರಿ ಕರೆಂಟಲ್ಲೇ ಫ್ಯಾನ್ ಥರ ತಿರುಗುತ್ತೆ. ಕಾರ್ಬನ್ ಬ್ರಷ್ ಸವೀತದೆ, ಬದಲಾಯಿಸೋಕೆ ಕಂಬ ಹತ್ಬೇಕು, ನನ್ ಕೈಲಾಗಲ್ಲ.

ಪಂಪ್‌ಸೆಟ್ಟಿನ ಇಂಡಕ್ಷನ್ ಮೋಟರ್ ಆಗಲ್ವಾ ಅನ್ನೋರಿಗೆ: 4 ಪೋಲಿಂದಕ್ಕೆ (ಪೋಲ್ ಅಂದ್ರೆ ಮ್ಯಾಗ್ನೆಟ್ಟಿನ ಧ್ರುವ) ಮನೆ ಕರೆಂಟಿನ 50 ಹರ್ಟ್ಜ್ ಬರ್ಬೇಕಂದ್ರೆ 1500 ಆರ್‌ಪಿಎಂ, ಜೊತೆಗೆ ಕರೆಂಟ್ ಹುಟ್ಟಿಸೋಕೆ ಕೆಪಾಸಿಟರ್. ಬುಡಿ.

ಹಬ್ ಮೋಟರಲ್ಲಿ ಬ್ರಷ್ಷೂ ಇಲ್ಲ, ಬೆಲ್ಟೂ ಇಲ್ಲ. ರೆಕ್ಕೆ ನೇರ ಅದರ ಮೈಗೇ ಬೋಲ್ಟ್, ಪೋಲ್ ಜಾಸ್ತಿ ಇರೋದ್ರಿಂದ ನಂದು 150 ಆರ್‌ಪಿಎಂ ಹತ್ರಾನೇ 12 ವೋಲ್ಟ್ ದಾಟುತ್ತೆ. ಮೂರು ದಪ್ಪ ವೈರಿಗೆ ಎಸಿ ಕರೆಂಟನ್ನ ಡಿಸಿ ಮಾಡೋ ತ್ರೀ ಫೇಸ್ ಬ್ರಿಡ್ಜ್ ರೆಕ್ಟಿಫೈಯರ್, ಚಕ್ರ ಎಲ್ಲಿದೆ ಅಂತ ಸ್ಕೂಟರಿಗೆ ತಿಳಿಸೋ ಹಾಲ್ ಸೆನ್ಸರಿನ ಸಣ್ಣ ವೈರುಗಳು ಬೇಡ. ನಿಂತಲ್ಲಿಂದ ಹೊರಡೋಕೆ ಸ್ವಲ್ಪ ಮೊಂಡಾಟ ಮಾಡುತ್ತೆ. ಗುಜರೀಲಿ ಮೂರೂ ವೈರ್ ಒಟ್ಟಿಗೆ ಸೇರಿಸಿ ಕೈಲಿ ತಿರುಗ್ಸಿ, ಎರಡೂ ಕಡೆಗೆ ಬಿಗಿಯಾದ್ರೆ ತಗೊಳ್ಳಿ, ಒಂದು ಕಡೆ ಸಲೀಸಾಗಿ ಸುತ್ತಿದ್ರೆ ಒಳಗೆ ಗೇರು ಕ್ಲಚ್ಚು ಇದೆ, ಅಲ್ಲೇ ಬಿಟ್ಟು ಬನ್ನಿ.

ಆಲ್ಟರ್ನೇಟರಿಗಿಂತ ದುಡ್ಡು ಜಾಸ್ತಿ ಹೋಯ್ತು, ಆದ್ರೆ ನಂಗೆ ಬೇಕಿದ್ದಿದ್ದು ರಾತ್ರಿ ನೀರು ಕಟ್ಟೋಕೆ ಹೋದಾಗ ಎರಡು ಎಲ್‌ಇಡಿ, ಒಂದು ಫೋನ್ ಚಾರ್ಜು, ಆಷಾಢದ ಗಾಳೀಲಿ ಅದು ಆರಾಮಾಗಿ ನಡೀತದೆ. ಸೋಲಾರ್ ಪ್ಯಾನೆಲ್ಲಿಗೆ ಹಾಕೋ ಚಾರ್ಜ್ ಕಂಟ್ರೋಲರ್ ಮಾತ್ರ ನೇರ ಹಾಕ್ಬೇಡಿ, ಬ್ಯಾಟರಿ ತುಂಬಿದಾಗ ಅದು ಲೈನ್ ಕಟ್ ಮಾಡುತ್ತೆ, ಹಿಡಿಯೋರಿಲ್ದೆ ರೆಕ್ಕೆ ಹುಚ್ಚಾಪಟ್ಟೆ ಸುತ್ತುತ್ತೆ. ಮಿಕ್ಕ ಕರೆಂಟ್ ಉರಿಸೋಕೆ ಹಳೇ ಹೆಡ್‌ಲೈಟ್ ಬಲ್ಬುಗಳನ್ನ ಡಂಪ್ ಲೋಡ್ ಮಾಡ್ಕೊಳ್ಳಿ.