ಅಮ್ಮನಿಗೆ ತಂದ ದೊಡ್ಡಕ್ಷರದ ಸತ್ಯವೇದ, ಏಳು ತಿಂಗಳು ಓದಿದ ಮೇಲೆ

ಕಣ್ಣಿನ ಪೊರೆ ಆಪರೇಷನ್ ಆದ್ಮೇಲೂ ಅಮ್ಮನಿಗೆ ಹಳೇ ಬೈಬಲ್ ಓದೋಕಾಗ್ತಿರ್ಲಿಲ್ಲ, ಮದುವೇಲಿ ಸಭೆಯವರು ಕೊಟ್ಟಿದ್ದು ಅದು, ಅಕ್ಷರ ಸಾಸಿವೆ ಕಾಳಷ್ಟು, ಹಾಳೆ ಎಲ್ಲಾ ಹಳದಿ ತಿರುಗಿತ್ತು. ಮೊಬೈಲಲ್ಲಿ ಆಡಿಯೋ ಹಾಕಿಕೊಟ್ಟೆ, ಎರಡು ದಿನ ಕೇಳಿ ಬಿಟ್ಬಿಟ್ರು, "ಅದು ಓಡ್ತಾ ಹೋಗತ್ತೆ ಕಣೋ, ನನಗೆ ಒಂದು ವಚನದ ಹತ್ರ ನಿಂತ್ಕೋಬೇಕು" ಅಂದ್ರು. ಅದಕ್ಕೇ ದೊಡ್ಡಕ್ಷರದ ಸತ್ಯವೇದ ತರಿಸಿದೆ. ಮೊದಲು ಬಂದ ಕಾಪಿ ಕೊರಿಯರಲ್ಲಿ ಮೂಲೆ ಮಡಚಿಕೊಂಡು ಬಂತು, ಫೋಟೋ ಕಳಿಸಿದ್ಮೇಲೆ ಬೇರೆ ಕೊಟ್ರು, ಅದು ಬಿಡಿ.

ಅಕ್ಷರ ನಿಜವಾಗ್ಲೂ ದೊಡ್ಡದು, ಒತ್ತಕ್ಷರ ಕೂಡ ಒಂದಕ್ಕೊಂದು ಅಂಟಿಕೊಂಡಿಲ್ಲ. ಕನ್ನಡಕ್ಕೆ ಇದು ತುಂಬಾ ಮುಖ್ಯ, ಎಷ್ಟೋ ಪುಸ್ತಕದಲ್ಲಿ ಅಕ್ಷರ ಮಾತ್ರ ದೊಡ್ಡದು ಮಾಡಿ ಸಾಲಿನ ಮಧ್ಯೆ ಜಾಗ ಬಿಡಲ್ಲ, ಒತ್ತು ಹೋಗಿ ಕೆಳಗಿನ ಸಾಲಿನ ತಲೆ ಮೇಲೆ ಕೂರತ್ತೆ. ಹಾಳೆ ತೆಳು, ಹಿಂದಿನ ಪುಟ ಮಸುಕಾಗಿ ಕಾಣತ್ತೆ, ಓದೋ ಪುಟದ ಹಿಂದೆ ಒಂದು ಕಪ್ಪು ಕಾಗದ ಇಟ್ಕೊಂಡ್ರೆ ಸರಿಹೋಗತ್ತೆ. ಅಡಿಟಿಪ್ಪಣಿ ಮಾತ್ರ ಹಳೇ ಸೈಜಲ್ಲೇ ಇದೆ, ಅಮ್ಮನಿಗೆ ಅದು ಇದ್ದೂ ಇಲ್ಲದ ಹಾಗೆ. ತೂಕ ಜಾಸ್ತಿ, ವಯಸ್ಸಾದವರು ಮಲಗಿಕೊಂಡು ಎದೆ ಮೇಲೆ ಇಟ್ಕೊಂಡು ಓದೋಕಾಗಲ್ಲ, ದಿಂಬಿನ ಮೇಲೋ ಸ್ಟ್ಯಾಂಡ್ ಮೇಲೋ ಇಡಬೇಕು.

ಇನ್ನೊಂದು ವಿಷಯ, ಇದು ಹಳೇ ಭಾಷಾಂತರ. ದೇವರಿಗೆ ಯೆಹೋವ ಅಂತಾನೇ ಇರತ್ತೆ, 23ನೇ ಕೀರ್ತನೇಲಿ "ಕೊರತೆಪಡೆನು" ಅನ್ನೋ ಥರದ ಕನ್ನಡ. ಬಳ್ಳಾರೀಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರ ಕೆಲಸದಿಂದ ಇಡೀ ಬೈಬಲ್ ಕನ್ನಡದಲ್ಲಿ ಬಂದಿದ್ದು 1831ರಲ್ಲಿ, ಆಮೇಲೆ ಎಷ್ಟೋ ತಿದ್ದುಪಡಿ ಆಗಿದೆ, ಆದ್ರೂ ಆ ಗತ್ತು ಹೋಗಿಲ್ಲ. ಅಮ್ಮನಿಗೆ ಬಾಯಿಪಾಠ ಇರೋದೆಲ್ಲ ಈ ಮಾತಲ್ಲೇ, ಅವರಿಗೆ ಇದೇ ಬೇಕು. ಮಕ್ಕಳಿಗೆ ತಗೊಳ್ಳೋರು ಈಗಿನ ಸರಳ ಭಾಷಾಂತರ ನೋಡಿ. ಕಥೋಲಿಕರ ಮನೆಗೆ ಕೊಡೋದಾದ್ರೆ ಇದು ಬೇಡ, ಇದರಲ್ಲಿ 66 ಪುಸ್ತಕ, ಅವರದ್ದು 73.

ಈಗ ನಾನು ಬರೀಬೇಕು ಅಂತ ಕೂತಿದ್ದು ಬೈಬಲಿನ ಯೋಬನ ಪುಸ್ತಕದ ಬಗ್ಗೆ. ಅಪ್ಪ ಕ್ಯಾನ್ಸರಲ್ಲಿ ಹೋದಾಗ ನಮ್ಮ ಹತ್ತಿರದವರೊಬ್ರು, ಪ್ರಾರ್ಥನೆ ಮಾಡೋಕೆ ಅಂತ ಬಂದವರು, "ಮನೇಲಿ ಏನೋ ಅರಿಕೆ ಮಾಡದ ಪಾಪ ಇದೆ, ಅದಕ್ಕೇ ದೇವರು ಬಿಡುಗಡೆ ಕೊಡಲಿಲ್ಲ" ಅಂದುಬಿಟ್ರು. ಅಮ್ಮ ಅವತ್ತು ಏನೂ ಮಾತಾಡ್ಲಿಲ್ಲ, ಆಮೇಲೆ ಅವರ ಜೊತೆ ಮಾತೇ ಬಿಟ್ರು, ಆರು ವರ್ಷ. ಅಲ್ಲಿವರೆಗೂ ನಮಗೆ ಯೋಬ ಅಂದ್ರೆ ಮೊದಲೆರಡು ಅಧ್ಯಾಯ, ಏಳು ಗಂಡು ಮೂರು ಹೆಣ್ಣು ಮಕ್ಕಳನ್ನ ಕಳಕೊಂಡ, ಮೈಯೆಲ್ಲ ಹುಣ್ಣಾಯ್ತು, ತಾಳ್ಮೆಯಿಂದಿದ್ದ, ಕೊನೇಲಿ ಎಲ್ಲಾ ಎರಡರಷ್ಟು ಸಿಕ್ತು, ಅಷ್ಟೇ. ಚರ್ಚಿನ ಪ್ರಸಂಗದಲ್ಲೂ ಅಷ್ಟೇ ಕೇಳಿರೋದು. ಮಧ್ಯದ್ದು ಯಾರೂ ಓದಲ್ಲ.

ಅಮ್ಮ ಓದಿದ್ರು, 42 ಅಧ್ಯಾಯಾನೂ, ದಿನಕ್ಕೆ ಒಂದು. ಯೋಬನ ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಸುಮ್ಮನೆ ಪಕ್ಕದಲ್ಲಿ ಕೂತಿದ್ರಲ್ಲ, ಅಲ್ಲಿವರೆಗೆ ಅವರು ಒಳ್ಳೆಯವರೇ, ನೀನೇ ಏನೋ ಪಾಪ ಮಾಡಿರ್ಬೇಕು ಅಂತ ಬಾಯಿ ತೆಗೆದ ಮೇಲೆ ಕೆಟ್ಟಿದ್ದು ಅಂತ ಅಮ್ಮನೇ ನನಗೆ ತೋರಿಸಿದ್ದು. ಯೋಬ ತಾಳ್ಮೆಯಿಂದ ಎಲ್ಲಿದ್ದ, ಹುಟ್ಟಿದ ದಿನಾನೇ ಶಪಿಸ್ತಾನೆ, ದೇವರ ಜೊತೆ ವ್ಯಾಜ್ಯಕ್ಕೆ ನಿಲ್ತಾನೆ. 38ನೇ ಅಧ್ಯಾಯದಲ್ಲಿ ದೇವರು ಬಿರುಗಾಳಿಯೊಳಗಿಂದ ಮಾತಾಡಿದಾಗ್ಲೂ "ನಿನಗೆ ಯಾಕೆ ಹೀಗಾಯ್ತು" ಅಂತ ಹೇಳೋದೇ ಇಲ್ಲ, ಸಮುದ್ರ, ಹಿಮ, ಕಾಡುಕತ್ತೆ, ಹದ್ದು ತೋರಿಸ್ತಾನೆ. ನನಗೆ ಮೊದಲು ಓದಿದಾಗ ಇದು ಬರೀ ದರ್ಪ ಅನ್ನಿಸಿತ್ತು. ಅಮ್ಮ ಅಂದ್ರು, ಉತ್ತರ ಕೊಡದೇ ಇದ್ರೂ ಬಂದ್ನಲ್ಲ, ಬೂದಿಯಲ್ಲಿ ಕೂತವನ ಹತ್ರ ಬಂದು ಅಷ್ಟು ಹೊತ್ತು ಮಾತಾಡಿದ್ನಲ್ಲ. ಅಪ್ಪನ ಹಾಸಿಗೆ ಪಕ್ಕ ರಾತ್ರಿ ಎಲ್ಲಾ ಕೂತಿದ್ದವರ ಬಾಯಲ್ಲಿ ಆ ಮಾತು ಕೇಳಿದ್ಮೇಲೆ ನಾನು ವಾದ ಮಾಡ್ಲಿಲ್ಲ.

42ನೇ ಅಧ್ಯಾಯದಲ್ಲಿ ದೇವರು ಸಿಟ್ಟಾಗಿದ್ದು ಜಗಳ ಆಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ಮಾಡಿದ ಗೆಳೆಯರ ಮೇಲೆ. ಏಳು ಹೋರಿ ಏಳು ಟಗರು ತಗೊಂಡು ಯೋಬನ ಹತ್ರ ಹೋಗಿ, ಅವನು ನಿಮಗೋಸ್ಕರ ಪ್ರಾರ್ಥನೆ ಮಾಡಲಿ ಅಂತಾನೆ. ಯೋಬ ಮಾಡ್ತಾನೆ, ಅವನ ದುಸ್ಥಿತಿ ಹೋಗಿದ್ದು ಆ ಪ್ರಾರ್ಥನೆ ಆದಾಗ. ಗಮನಿಸಿ, ಆ ಗೆಳೆಯರು ಮೊದಲು ನಿಮ್ಮದು ತಪ್ಪು ಅಂತ ದೇವರಿಂದಲೇ ಹೇಳಿಸಿಕೊಂಡ ಮೇಲೆ. ಅಮ್ಮ ಇಲ್ಲಿ ರಿಬ್ಬನ್ ಇಟ್ಟು ಮೂರು ದಿನ ಮುಂದೆ ಹೋಗ್ಲಿಲ್ಲ.

1999ರ ಜನವರೀಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತೆ ಅವರ ಇಬ್ಬರು ಚಿಕ್ಕ ಗಂಡುಮಕ್ಕಳನ್ನ ಜೀಪಲ್ಲೇ ಸುಟ್ಟರಲ್ಲ, ಆಗ ಅವರ ಹೆಂಡತಿ ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದ್ದೀನಿ ಅಂದಿದ್ದು, ಬಾರಿಪದಾದಲ್ಲಿ ಕುಷ್ಠರೋಗಿಗಳ ಕೆಲಸ ಮುಂದುವರಿಸಿದ್ದು ಅಮ್ಮನಿಗೆ ಚೆನ್ನಾಗಿ ನೆನಪಿದೆ. "ಆ ತಾಯಿಗೆ ಆಯ್ತು, ನನಗೆ ಒಂದು ಮಾತು ನುಂಗೋಕಾಗಿಲ್ಲ" ಅಂತ ಅಳ್ತಿದ್ರು. ಇದನ್ನ ನೋಡಿ ಸಂಕಟ ಆಯ್ತು, ಹೋಲಿಸಬೇಡಿ ಅಮ್ಮ ಅಂದೆ, ನಿಮಗಾದ ನೋವು ಚಿಕ್ಕದಲ್ಲ.

ಮುಂದಿನ ಭಾನುವಾರ ಆರಾಧನೆ ಆದ್ಮೇಲೆ ಅಮ್ಮನೇ ಆ ಪಾಪದ ಮಾತು ಅಂದವರ ಹತ್ರ ಹೋದ್ರು. "ನೀವು ಅವತ್ತು ಅಂದಿದ್ದು ಸುಳ್ಳು, ನನಗೆ ತುಂಬಾ ನೋವಾಯ್ತು, ಆದ್ರೂ ನಿಮ್ಮ ಮಂಡಿ ಆಪರೇಷನ್‌ಗೆ ಪ್ರಾರ್ಥನೆ ಮಾಡ್ತೀನಿ" ಅಂದ್ರು. ಅವರು ಕೈ ಹಿಡ್ಕೊಂಡು ಏನೂ ಹೇಳದೇ ನಿಂತಿದ್ರು. ಮೊದಲಿನ ಹಾಗೆ ಮನೆಗೆ ಬಂದು ಹೋಗೋದು ಇನ್ನೂ ಶುರುವಾಗಿಲ್ಲ.

ದುಡ್ಡಿಗೆ ಮೋಸ ಇಲ್ಲ, ಕಣ್ಣು ಮಂಜಾದ ತಂದೆತಾಯಿ ಇರೋರು ಧೈರ್ಯವಾಗಿ ತಗೊಳ್ಳಿ, ಜಿಪ್ ಕವರ್ ಇರೋದೇ ಕೇಳಿ, ಇಲ್ಲದಿದ್ರೆ ಹಾಳೆ ತುದಿ ಮಡಚತ್ತೆ. ಅಮ್ಮ ಈಗ 88ನೇ ಕೀರ್ತನೇಲಿದ್ದಾರೆ, ಕತ್ತಲೆಯಲ್ಲೇ ಮುಗಿಯೋ ಕೀರ್ತನೆ ಅದು. ಅದರ ಪಕ್ಕ ಪೆನ್ಸಿಲಲ್ಲಿ ಅಪ್ಪ ಹೋದ ತಾರೀಖು ಬರೆದಿದ್ದಾರೆ, ಹಾಳೆ ತೆಳುವಾದ್ರೂ ಪೆನ್ಸಿಲ್ ಹಿಂದಕ್ಕೆ ಮೂಡಿಲ್ಲ.