ಸುಂಟರಗಾಳಿ ತೋರಿಸುವ ಪ್ರವಾಸ: ದುಡ್ಡಿಗೆ ಮೋಸವಿಲ್ಲ, ಊಟಕ್ಕೆ ಇದೆ

"ಗಾಳಿಮಳೆ ನೋಡಲು ಅಮೆರಿಕಕ್ಕೆ ಹೋಗಬೇಕೇ? ಜುಲೈಯಲ್ಲಿ ಭಾಗಮಂಡಲಕ್ಕೆ ಹೋದರೆ ಸಾಲದೇ?" ಎಂದು ನನ್ನ ಭಾವ ಕೇಳಿದರು. ಸಾಲದು. ಕೊಡಗಿನಲ್ಲಿ ನಾವು ಮೋಡದ ಒಳಗೇ ಇರುತ್ತೇವೆ. ತೋಟದ ಮಳೆಯನ್ನು ಇಂಚು, ಸೆಂಟುಗಳಲ್ಲಿ (ಸೆಂಟೆಂದರೆ ಇಂಚಿನ ನೂರನೇ ಒಂದು ಪಾಲು) ಅಳೆದು ಬರೆದಿಡುತ್ತೇವೆ, ಅದನ್ನು ಸುರಿಸುವ ಮೋಡದ ಆಕಾರ ಮಾತ್ರ ಕಾಣುವುದಿಲ್ಲ. ಒಕ್ಲಹೋಮಾ, ಕಾನ್ಸಾಸ್‌ನ ಬಯಲಿನಲ್ಲಿ ಅದು ಬುಡದಿಂದ ತುದಿಯವರೆಗೆ ಕಾಣುತ್ತದೆ.

ಅದನ್ನು ನೋಡಲು ನಾನು ಹೋದ ಪ್ರವಾಸದ ಬಗ್ಗೆ ದೂರುಗಳಿವೆ. ದಿನವಿಡೀ ವ್ಯಾನಿನಲ್ಲೇ ಕೂರಬೇಕು. ಊಟವೆಂದರೆ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಸಿಕ್ಕಿದ್ದು. ಕಾಫಿಯ ವಿಷಯ ಎತ್ತದಿರುವುದೇ ವಾಸಿ. ಸುಂಟರಗಾಳಿ ಕಾಣದಿದ್ದರೆ ಹಣ ವಾಪಸಿಲ್ಲವೆಂದು ಕರಾರಿನಲ್ಲೇ ಬರೆದಿದ್ದರು.

ಮಾರ್ಗದರ್ಶಿ ಮಾತ್ರ ಬಲು ಗಟ್ಟಿಗ. ನಾರ್ಮನ್ ಪಟ್ಟಣದಲ್ಲಿರುವ ಬಿರುಗಾಳಿ ಮುನ್ಸೂಚನಾ ಕೇಂದ್ರದ ನಕ್ಷೆಯನ್ನು ಬೆಳಿಗ್ಗೆ ಹರಡಿ, ಮೆಕ್ಸಿಕೊ ಕೊಲ್ಲಿಯ ತೇವದ ಗಾಳಿ ಪಶ್ಚಿಮದ ಒಣಗಾಳಿಗೆ ಎಲ್ಲಿ ಎದುರಾಗುತ್ತದೆ ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಸಂಜೆ ರಾಡಾರ್ ಪರದೆಯ ಮೇಲೆ ಸುಂಟರಗಾಳಿಯ ಸುಳಿವಾದ ಕೊಕ್ಕೆಯಾಕಾರ ಮೂಡಿದಾಗ ನಾವು ಗೋಧಿ ಹೊಲವೊಂದರ ಅಂಚಿನಲ್ಲಿದ್ದೆವು. ಬೆನ್ನ ಹಿಂದಿನಿಂದ ಬೆಚ್ಚಗಿನ ಗಾಳಿ ಮೋಡದತ್ತ ನುಗ್ಗುತ್ತಿತ್ತು. ಮೋಡದ ತಳ ಕೆಳಗಿಳಿದು ನಿಧಾನವಾಗಿ ತಿರುಗತೊಡಗಿತು. ಆಲಿಕೆಯಾಕಾರದ ಮೋಡ ಪೂರ್ತಿ ಇಳಿಯುವ ಮೊದಲೇ ನೆಲದ ಧೂಳು ಸುತ್ತಿ ಎದ್ದಿತು. ಹಾರಂಗಿ ಅಣೆಕಟ್ಟಿನ ಗೇಟುಗಳನ್ನು ತೆರೆದಾಗ ಕೇಳುವಂಥ ಮೊರೆತ, ಎಡೆಬಿಡದೆ.

ವ್ಯಾನಿನಲ್ಲಿದ್ದ ಕೆಲವರು ಚಪ್ಪಾಳೆ ತಟ್ಟಿದರು. ನನಗೆ ಸಿಟ್ಟು ಬಂತು. ಅದು ಹೋಗುತ್ತಿದ್ದ ದಿಕ್ಕಿನಲ್ಲಿ ಒಂದು ಮನೆಯಿತ್ತು. 2018ರ ಆಗಸ್ಟ್‌ನಲ್ಲಿ ನಮ್ಮ ಬೆಟ್ಟಗಳು ಕುಸಿದದ್ದನ್ನು ಕಂಡವರಿಗೆ ಇಂಥ ಕಡೆ ಕೈ ಮೇಲೇಳುವುದಿಲ್ಲ. ಮಾರ್ಗದರ್ಶಿಯೂ ತಟ್ಟಲಿಲ್ಲ, ಫೋನಿನಲ್ಲಿ ಹವಾಮಾನ ಕಚೇರಿಗೆ ಸ್ಥಳ ತಿಳಿಸುತ್ತಿದ್ದರು. ಆ ಮನೆಯನ್ನು ಬಿಟ್ಟು ಅದು ಪಕ್ಕಕ್ಕೆ ಸರಿಯಿತು.

ಅಷ್ಟರಲ್ಲಿ ಮಳೆಯ ಪರದೆ ಅದನ್ನು ಮುಚ್ಚತೊಡಗಿತು. ಇನ್ನಷ್ಟು ಹತ್ತಿರ ಹೋಗೋಣವೆಂದು ಒಬ್ಬ ಹುಡುಗ ಹಟ ಹಿಡಿದ. ಮಾರ್ಗದರ್ಶಿ "ಎಲ್ ರೆನೊ" ಎಂದಷ್ಟೇ ಹೇಳಿ ವ್ಯಾನನ್ನು ದಕ್ಷಿಣಕ್ಕೆ ಓಡಿಸಿದರು. ಕಾರಣವನ್ನು ದಾರಿಯಲ್ಲಿ ವಿವರಿಸಿದರು: 2013ರ ಮೇ 31ರಂದು ಒಕ್ಲಹೋಮಾದ ಆ ಊರಿನ ಬಳಿ ಎದ್ದ ಸುಂಟರಗಾಳಿ ನೋಡನೋಡುತ್ತಲೇ ಹಿಗ್ಗಿ, ಸುಮಾರು 4.2 ಕಿಲೋಮೀಟರ್ ಅಗಲವಾಗಿ, ಟಿಮ್ ಸಮಾರಾಸ್ ಅವರಂಥ ಅನುಭವಿ ಸಂಶೋಧಕರನ್ನೇ ಬಲಿ ತೆಗೆದುಕೊಂಡಿತ್ತು. ನಾನು ಕೊಟ್ಟ ಹಣ ವಸೂಲಾದದ್ದು ಹಾಗೆ ತಿರುಗಿಸಿದ್ದಕ್ಕೇ.

ಹೋಗುವವರು ಮೇ ತಿಂಗಳನ್ನೇ ಆರಿಸಿಕೊಳ್ಳಿ. ಮುಂಗಡ ಕಟ್ಟುವ ಮೊದಲು, ಎಂಥ ಹೊತ್ತಿನಲ್ಲಿ ಹಿಂದೆ ಸರಿಯುತ್ತೀರಿ ಎಂದು ಕೇಳಿ. ಉತ್ತರಕ್ಕೆ ತಡವರಿಸುವವರ ವ್ಯಾನು ಹತ್ತಬೇಡಿ.