ಮನೆ ಕೆಲಸಕ್ಕೆ ನಾವು ಆರಿಸಿಕೊಂಡ ಕಂಟ್ರಾಕ್ಟರ್: ಕೆಲಸ ಮುಗಿದ ಮೇಲಿನ ರಿವ್ಯೂ

ಮಹಡಿ ಮೇಲೆ ಒಂದು ರೂಮು, ಅದಕ್ಕೊಂದು ಬಾತ್‌ರೂಮು. ಜೊತೆಗೆ ಕೆಳಗಿನ ಹಳೇ ಬಾತ್‌ರೂಮ್ ಒಡೆದು ಹೊಸದಾಗಿ ಮಾಡಿಸುವುದು. ಇಷ್ಟು ನಮ್ಮ ಕೆಲಸ. ಮೂವರ ಹತ್ತಿರ ಕೊಟೇಶನ್ ತೆಗೆದುಕೊಂಡು, ಮಧ್ಯದ ರೇಟ್ ಹೇಳಿದವರಿಗೆ ಕೊಟ್ಟೆವು. ಈಗ ಎಲ್ಲ ಮುಗಿದು ಕೊನೆಯ ಕಂತೂ ಕೊಟ್ಟಾಗಿದೆ. ಇನ್ನೊಮ್ಮೆ ಮನೆಗೆ ಕೈ ಹಾಕಿದರೆ ಇವರನ್ನೇ ಕರೆಯುತ್ತೇನೆ.

ಮೊದಲ ಭೇಟಿಯಲ್ಲೇ ವ್ಯತ್ಯಾಸ ಕಾಣಿಸಿತು. ಉಳಿದ ಇಬ್ಬರು ಟೇಪ್ ಹಿಡಿದು ಅಳತೆ ತೆಗೆದುಕೊಂಡು, ಚದರಕ್ಕೆ ಇಷ್ಟು ಅಂತ ನಿಂತಲ್ಲೇ ಹೇಳಿದರು. ಇವರು ಮಾತ್ರ, "ಮೇಡಂ, ಕೆಳಗಿನ ಕಂಬ, ಪಾಯದ ಡ್ರಾಯಿಂಗ್ ಇದೆಯಾ?" ಅಂತ ಕೇಳಿದರು. ಇಲ್ಲ ಅಂದೆ. "ಹಾಗಾದ್ರೆ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರು ಬಂದು ನೋಡಲಿ. ಮೇಲಿನ ಭಾರ ತಡೆಯುತ್ತೆ ಅಂತ ಅವರು ಬರೆದುಕೊಟ್ಟ ಮೇಲೆ ನಾನು ರೇಟ್ ಹೇಳ್ತೀನಿ" ಅಂದರು. ಕೆಲಸ ಕೈ ತಪ್ಪಬಹುದು ಅಂತ ಗೊತ್ತಿದ್ದೂ ಹಾಗೆ ಹೇಳಿದ್ದು ನನಗೆ ತುಂಬಾ ಹಿಡಿಸಿತು. ಇಂಜಿನಿಯರ್ ಬಂದರು, ನೋಡಿದರು, ಒಂದು ಕಡೆ ತೊಲೆ ಸೇರಿಸಲು ಹೇಳಿದರು.

ಕೊಟೇಶನ್ ಹೋಲಿಸುವಾಗ ನಾನು ಕೊನೆಯ ಮೊತ್ತ ನೋಡಲಿಲ್ಲ. ಒಂದೇ ಹಾಳೆಯಲ್ಲಿ ಕೆಲಸಗಳನ್ನು ಸಾಲಾಗಿ ಬರೆದುಕೊಂಡು, ಯಾರು ಯಾವುದನ್ನು ಸೇರಿಸಿದ್ದಾರೆ ಅಂತ ಟಿಕ್ ಹಾಕುತ್ತಾ ಹೋದೆ. ಎಲ್ಲರಿಗಿಂತ ಕಡಿಮೆ ಹೇಳಿದವರ ಹಾಳೆಯಲ್ಲಿ ಒಡೆದ ಡೆಬ್ರಿ ಸಾಗಿಸುವುದು ಇರಲಿಲ್ಲ. ಎತ್ತರದಲ್ಲಿ ನಿಂತು ಕೆಲಸ ಮಾಡಲು ಕಟ್ಟುವ ಸಾರ್ವೆ ಇರಲಿಲ್ಲ. ವಾಟರ್‌ಪ್ರೂಫಿಂಗ್ ಅಂತ ಒಂದು ಸಾಲು ಇತ್ತು, ಯಾವ ಮಟೀರಿಯಲ್, ಎಷ್ಟು ಕೋಟ್, ಗೋಡೆ ಮೇಲೆ ಎಷ್ಟು ಎತ್ತರದವರೆಗೆ ಅನ್ನುವುದು ಇರಲಿಲ್ಲ. ಇವೆಲ್ಲ ಮುಂದೆ 'ಎಕ್ಸ್‌ಟ್ರಾ' ಆಗಿ ಬರುವಂಥವು. ಸೇರಿಸಿ ಲೆಕ್ಕ ಹಾಕಿದರೆ ಅವರಿಗೂ ಇವರಿಗೂ ಹೆಚ್ಚು ಅಂತರವೇ ಉಳಿಯಲಿಲ್ಲ. ಇವರ ಕೊಟೇಶನ್ನಿನಲ್ಲಿ 'ಇದರಲ್ಲಿ ಸೇರಿಲ್ಲ' ಅಂತಲೇ ಬೇರೆ ಪಟ್ಟಿ ಇತ್ತು. ಗೀಸರ್, ಲೈಟು, ನಲ್ಲಿಗಳು ನಮ್ಮ ಖರ್ಚು ಅಂತ ಸ್ಪಷ್ಟವಾಗಿ ಬರೆದಿದ್ದರು.

ಆದರೆ ನನ್ನ ತೀರ್ಮಾನ ಗಟ್ಟಿಯಾಗಿದ್ದು ಇವರ ಸೈಟುಗಳನ್ನು ನೋಡಿದ ಮೇಲೆ. ಫೋನಿನಲ್ಲಿರುವ ಫೋಟೋ ಯಾರು ಬೇಕಾದರೂ ತೋರಿಸಬಹುದು, ಅಲ್ವಾ? ನಾನು ಎರಡು ಕೇಳಿದೆ: ಈಗ ನಡೆಯುತ್ತಿರುವ ಒಂದು ಕೆಲಸ, ಮುಗಿದು ಕೆಲವು ವರ್ಷವಾದ ಒಂದು ಮನೆ.

ನಡೆಯುತ್ತಿದ್ದ ಸೈಟಿನಲ್ಲಿ ಮೋಲ್ಡಿಗೆ, ಅಂದರೆ ಕಾಂಕ್ರೀಟ್ ಚಾವಣಿಗೆ, ಕಂಬಿ ಕಟ್ಟಿ ಮುಗಿದಿತ್ತು. ಬಗ್ಗಿ ನೋಡಿದೆ. ಕಂಬಿಯ ಅಡಿಯಲ್ಲಿ ಸಾಲಾಗಿ ಕವರ್ ಬ್ಲಾಕ್, ಅಂದರೆ ಕಂಬಿಯನ್ನು ಎತ್ತಿ ಹಿಡಿಯುವ ಸಣ್ಣ ಬಿಲ್ಲೆಗಳನ್ನು, ಇಟ್ಟಿದ್ದರು. ಕಂಬಿ ಅಡಿಗೆ ಹಾಸಿದ ಶೀಟಿಗೆ ತಾಗಿಕೊಂಡಿದ್ದರೆ ಕಾಂಕ್ರೀಟ್ ಅದರ ಕೆಳಗೆ ಇಳಿಯುವುದಿಲ್ಲ. ಕೆಲವೇ ವರ್ಷಗಳಲ್ಲಿ ತುಕ್ಕು ಹಿಡಿದು ಸೀಲಿಂಗ್ ಉದುರುತ್ತದೆ. ಎಷ್ಟೋ ಕಡೆ ಜಲ್ಲಿ ಚೂರು ಸಿಕ್ಕಿಸಿ ಕೈ ತೊಳೆದುಕೊಳ್ಳುತ್ತಾರೆ. ಪಕ್ಕದ ಕಂಬಗಳಿಗೆ ಒದ್ದೆ ಗೋಣಿಚೀಲ ಸುತ್ತಿತ್ತು, ಮೇಲೆ ಸೀಮೆಸುಣ್ಣದಲ್ಲಿ ಕಾಂಕ್ರೀಟ್ ಹಾಕಿದ ತಾರೀಖು. ಮುಟ್ಟಿ ನೋಡಿದೆ, ಚೀಲ ನಿಜಕ್ಕೂ ಒದ್ದೆಯಾಗಿತ್ತು. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ ಕ್ಯೂರಿಂಗ್ (ಒದ್ದೆಯಾಗಿಡುವುದು) ಬೇಕು, ಫ್ಲೈ ಆ್ಯಶ್ (ಕಲ್ಲಿದ್ದಲಿನ ಹಾರುಬೂದಿ) ಬೆರೆತದ್ದಕ್ಕೆ 10 ದಿನವಾದರೂ ಬೇಕು. ತಾರೀಖು ಬರೆಯದಿದ್ದರೆ ಅದನ್ನು ಲೆಕ್ಕ ಇಡುವವರು ಯಾರು? ಮೇಸ್ತ್ರಿಯನ್ನು ಮಾತಾಡಿಸಿದೆ. ಬಹಳ ಕಾಲದಿಂದ ಇವರ ಜೊತೆಗೇ ಇದ್ದಾನೆ. ನಮ್ಮ ಮನೆಗೂ ಅವನೇ ಬರುತ್ತಾನೆ ಅಂತ ಕರಾರಿನಲ್ಲಿ ಬರೆಸಿಕೊಂಡೆ.

ಹಳೇ ಮನೆಯಲ್ಲಿ ನಾನು ಟೈಲ್ಸ್ ನೋಡಲಿಲ್ಲ. ಬಾತ್‌ರೂಮಿನ ಕೆಳಗಿನ ರೂಮಿಗೆ ಹೋಗಿ ತಲೆ ಎತ್ತಿ ನೋಡಿದೆ. ಸೀಲಿಂಗ್ ಒಣಗಿತ್ತು, ಪೇಂಟ್ ಉಬ್ಬಿರಲಿಲ್ಲ. ಮನೆಯವರನ್ನು ಕೇಳಿದ್ದೂ ಒಂದೇ ಪ್ರಶ್ನೆ: "ಪೂರ್ತಿ ದುಡ್ಡು ಕೊಟ್ಟ ಮೇಲೆ ಫೋನ್ ಎತ್ತಿದರಾ?" ಎತ್ತಿದ್ದರಂತೆ, ಬಂದೂ ಇದ್ದರಂತೆ.

ನಮ್ಮ ಕೆಲಸವೂ ಹಾಗೇ ನಡೆಯಿತು. ಟೈಲ್ಸ್ ಹಾಕುವ ಮೊದಲು ಮೇಲಿನ ಬಾತ್‌ರೂಮಿನ ಪೈಪ್ ಬಾಯಿ ಮುಚ್ಚಿ, ನೀರು ಕಟ್ಟಿ, 48 ಗಂಟೆ ಬಿಟ್ಟು ಕೆಳಗಿನಿಂದ ತೋರಿಸಿದರು. ಒಂದು ಮೂಲೆಯಲ್ಲಿ ತೇವ ಕಂಡಿತು. ಅಲ್ಲಿ ಕಿತ್ತು, ಮತ್ತೆ ಕೋಟ್ ಹೊಡೆದು, ಮತ್ತೆ ನೀರು ಕಟ್ಟಿದರು. ಇದಕ್ಕೆ ಬೇರೆ ಬಿಲ್ ಬರಲಿಲ್ಲ.

ಕೊರತೆ ಇಲ್ಲವೆಂದಲ್ಲ. ಹೇಳಿದ ಸಮಯಕ್ಕೆ ಮುಗಿಯಲಿಲ್ಲ. ಗಾರೆಯವರು ಇವರ ಸ್ವಂತ ಜನ, ಎಲೆಕ್ಟ್ರಿಕಲ್ ಮತ್ತು ಪೇಂಟಿಂಗ್ ಮಾತ್ರ ಹೊರಗಿನವರಿಗೆ ಕೊಡುತ್ತಾರೆ. ಗೋಡೆಯೊಳಗೆ ವೈರಿಂಗ್ ಪೈಪ್ ಹಾಕಬೇಕಿದ್ದ ಎಲೆಕ್ಟ್ರಿಷಿಯನ್ ಬರದೆ ಪ್ಲಾಸ್ಟರಿಂಗ್ ಸುಮ್ನೆ ನಿಂತಿತು. ತಡವಾಗುತ್ತದೆ ಅಂತ ಮುಂಚೆಯೇ ಹೇಳುವ ಅಭ್ಯಾಸವೂ ಇವರಿಗಿಲ್ಲ, ನಾವೇ ಫೋನ್ ಮಾಡಬೇಕು. ಗೃಹಪ್ರವೇಶದ ದಿನ ಗೊತ್ತು ಮಾಡಿಕೊಂಡು ಅವಸರದಲ್ಲಿರುವವರಿಗೆ ಇದು ಜಾಸ್ತಿ ಕಷ್ಟವಾಗುತ್ತದೆ. ಪೇಂಟಿಂಗ್ ಫಿನಿಶ್ ಕೂಡ ಸಾಧಾರಣ.

ದುಡ್ಡಿನ ವಿಷಯದಲ್ಲಿ ಜಗಳ ಬರಲಿಲ್ಲ. ಮೋಲ್ಡ್, ಗಾರೆ ಅಂತ ಹಂತಕ್ಕೆ ತಕ್ಕಂತೆ ಕಂತು ಮಾಡಿಕೊಂಡಿದ್ದೆವು. ದೊಡ್ಡ ಅಡ್ವಾನ್ಸ್ ಕೇಳಲಿಲ್ಲ. ಒಟ್ಟು ಮೊತ್ತದ 5 ಪರ್ಸೆಂಟ್ ಕೈಯಲ್ಲಿಟ್ಟುಕೊಂಡು ಒಂದು ಮಳೆಗಾಲ ಕಳೆದ ಮೇಲೆ ಕೊಡುತ್ತೇನೆ ಅಂದಾಗಲೂ ಒಪ್ಪಿದರು. ಮಳೆ ಬಂದಾಗ ಕಿಟಕಿಯ ಚೌಕಟ್ಟಿನ ಪಕ್ಕದಿಂದ ನೀರು ಒಸರಿತು. ಫೋನ್ ಮಾಡಿದೆ, ಅದೇ ಮೇಸ್ತ್ರಿಯನ್ನು ಕಳಿಸಿ ಸರಿ ಮಾಡಿಸಿದರು. ಮುಂದಿನ ಜೋರು ಮಳೆಯಲ್ಲಿ ಒಂದು ಹನಿಯೂ ಒಳಗೆ ಬರಲಿಲ್ಲ. ಮಳೆಗಾಲ ಮುಗಿದ ಕೂಡಲೇ ಆ 5 ಪರ್ಸೆಂಟ್ ಅವರ ಖಾತೆಗೆ ಹಾಕಿದೆ.